ಮೂರು ಕಲೆ, ಎರಡಕ್ಕೆ ಮಾತ್ರ ಬೆಳಕು: ಚರ್ಮದ ಕ್ಯಾನ್ಸರಿನ ಒಂದು ಪ್ರಕರಣ

ರೋಗಿಗೆ 71 ವರ್ಷ. ಹೆಂಗಸು. ಓಟಗಾರರಿಗೆ ತರಬೇತಿ ಕೊಡುವ ಕೆಲಸ ಮಾಡಿ ನಿವೃತ್ತರಾದವರು. ದುಡಿಮೆಯ ವರ್ಷಗಳೆಲ್ಲ ಮೈದಾನದಲ್ಲಿ, ಬಿಸಿಲಿನಲ್ಲೇ ಕಳೆದಿವೆ. ಚರ್ಮ ತಿಳಿ ಬಣ್ಣದ್ದು, ಬಿಸಿಲು ತಾಗಿದರೆ ಬೇಗ ಕೆಂಪಾಗುವಂಥದ್ದು. ಹೃದಯದ ಬಡಿತ ಏರುಪೇರಾಗುವ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ. ಮನೆಯಲ್ಲಿ ಒಬ್ಬರೇ ಇರುತ್ತಾರೆ. ಮಗಳು ದೂರದಲ್ಲಿ ಕೆಲಸದಲ್ಲಿದ್ದಾರೆ, ಮುಖ್ಯವಾದ ಭೇಟಿಗೆ ಬಂದು ಹೋಗುತ್ತಾರೆ. ಗುರುತು ಸಿಗುವಂಥ ಬೇರೆ ವಿವರಗಳನ್ನು ಬಿಟ್ಟಿದ್ದೇನೆ. ಇಷ್ಟನ್ನು ಮಾತ್ರ ಯಾಕೆ ಉಳಿಸಿಕೊಂಡೆ ಅಂದರೆ, ಚಿಕಿತ್ಸೆ ಆರಿಸುವಾಗ ಇದರಲ್ಲಿ ಒಂದೊಂದೂ ಲೆಕ್ಕಕ್ಕೆ ಬಂತು.

ಅವರು ತೋರಿಸಲು ಬಂದದ್ದು ಕಾಲಿನ ಕಲೆಯನ್ನು. ಎಡ ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ ಸುಮಾರು ಮೂರು ಸೆಂ.ಮೀ. ಅಗಲದ ಕೆಂಪು ಕಲೆ. ಮೇಲೆ ಒಣ ಹೊಟ್ಟು. ಅಂಚು ಗೆರೆ ಎಳೆದ ಹಾಗೆ ಸ್ಪಷ್ಟ. ಎಷ್ಟೋ ವರ್ಷದಿಂದ ಇದೆ ಅಂದರು. ಒಮ್ಮೆ ಇಸುಬು ಅಂತ ಸ್ಟೀರಾಯ್ಡ್ ಮುಲಾಮು ಹಚ್ಚಿದ್ದಾರೆ, ಇನ್ನೊಮ್ಮೆ ಹುಳುಕಡ್ಡಿ ಅಂತ ಬೇರೆ ಮುಲಾಮು. ಕೆಂಪು ಒಂದಿಷ್ಟು ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಇಸುಬು ಸಾಮಾನ್ಯವಾಗಿ ಒಂದೇ ಕಡೆ, ಒಂಟಿಯಾಗಿ, ಇಷ್ಟು ವರ್ಷ ಕೂರುವುದಿಲ್ಲ. ತುರಿಕೆಯೂ ಇಲ್ಲದೆ, ಮುಲಾಮಿಗೂ ಬಗ್ಗದೆ, ನಿಧಾನವಾಗಿ ದೊಡ್ಡದಾಗುತ್ತಿರುವ ಒಂಟಿ ಕಲೆ ಕಂಡರೆ ಸಣ್ಣ ತುಂಡು ತೆಗೆದು ಪರೀಕ್ಷೆ, ಅಂದರೆ ಬಯಾಪ್ಸಿ, ಮಾಡಿಸಲೇಬೇಕು.

ಒಂದು ಕಡೆ ಬಿಸಿಲಿನ ಹಾನಿ ಕಂಡರೆ ಇಡೀ ಮೈ ನೋಡುವುದು ನಮ್ಮ ಪದ್ಧತಿ. ನೋಡಿದಾಗ ಇನ್ನೆರಡು ಸಿಕ್ಕವು. ಬೆನ್ನಿನ ಮೇಲ್ಭಾಗದಲ್ಲಿ, ಎರಡು ಹೆಗಲ ಮೂಳೆಗಳ ನಡುವೆ, ಎರಡು ಸೆಂ.ಮೀ.ಗೆ ಸ್ವಲ್ಪ ಕಡಿಮೆ ಅಗಲದ ತೆಳು ಕೆಂಪು ಕಲೆ. ಚರ್ಮ ಎಳೆದು ಹಿಡಿದರೆ ಸುತ್ತಲೂ ದಾರದಷ್ಟು ಸಣ್ಣ ಹೊಳೆಯುವ ಅಂಚು ಕಾಣುತ್ತಿತ್ತು. ಅಲ್ಲಿ ಕಲೆ ಇದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಮೂರನೆಯದು ಮೂಗಿನ ಹೊಳ್ಳೆ ಕೆನ್ನೆಗೆ ಸೇರುವ ಮಡಿಕೆಯಲ್ಲಿ. ಆರು ಮಿ.ಮೀ. ಇರಬಹುದು, ಚರ್ಮದ್ದೇ ಬಣ್ಣ, ಮುಟ್ಟಿದರೆ ಗಟ್ಟಿ. ಮುಖ ತೊಳೆಯುವಾಗ ಆಗಾಗ ರಕ್ತ ಬರುತ್ತೆ, ಹಕ್ಕಳೆ ಕಟ್ಟುತ್ತೆ, ಬಿದ್ದು ಹೋಗುತ್ತೆ, ಮೊಡವೆ ಅಂದುಕೊಂಡಿದ್ದೆ ಅಂದರು.

ಮೂರರಿಂದಲೂ ಬಯಾಪ್ಸಿ ತೆಗೆದೆವು. ಕಾಲಿನದು ಬೋವೆನ್ಸ್ ಕಾಯಿಲೆ. ಚರ್ಮದ ಮೇಲ್ಪದರದ ಪೂರ್ತಿ ದಪ್ಪದಲ್ಲೂ ಕೆಟ್ಟ ಜೀವಕೋಶಗಳಿವೆ, ಆದರೆ ಕೆಳಗಿನ ಪೊರೆಯನ್ನು ಇನ್ನೂ ದಾಟಿಲ್ಲ. ಸ್ಕ್ವಾಮಸ್ ಸೆಲ್ ಕ್ಯಾನ್ಸರಿನ ತೀರಾ ಮೊದಲ ಹಂತ ಅನ್ನಬಹುದು. ಹಾಗೇ ಬಿಟ್ಟರೆ ನೂರರಲ್ಲಿ 3ರಿಂದ 5 ಕಲೆಗಳು ಒಳಗೆ ಇಳಿಯುವ ಕ್ಯಾನ್ಸರ್ ಆಗುತ್ತವೆ ಅನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಬೆನ್ನಿನದು ಬೇಸಲ್ ಸೆಲ್ ಕಾರ್ಸಿನೋಮಾ, ಮೇಲ್ಪದರದ ತಳದ ಜೀವಕೋಶಗಳ ಕ್ಯಾನ್ಸರ್. ಅದರಲ್ಲೂ ಮೇಲ್ಪದರಕ್ಕೆ ಅಂಟಿಕೊಂಡಿರುವ ಬಗೆ. ಮೂಗಿನ ಪಕ್ಕದ್ದೂ ಬೇಸಲ್ ಸೆಲ್ಲೇ, ಆದರೆ ಸಣ್ಣ ಸಣ್ಣ ಎಳೆಗಳಾಗಿ ಆಳಕ್ಕೆ ನುಸುಳುವ ಬಗೆ. ಮೂರರಲ್ಲಿ ನೋಡಲು ಚಿಕ್ಕದು ಅದೇ, ಕೆಟ್ಟದ್ದೂ ಅದೇ.

"ಮೂರಕ್ಕೂ ಲೈಟೇ ಇಟ್ಟುಬಿಡಿ ಡಾಕ್ಟ್ರೇ"

ವರದಿ ಕೈಗೆ ಬಂದ ದಿನ ಮಗಳೂ ಜೊತೆಗಿದ್ದರು. ಬೆಳಕಿನಿಂದ ಚರ್ಮದ ಕ್ಯಾನ್ಸರ್ ಗುಣ ಮಾಡುತ್ತಾರೆ, ಕತ್ತರಿ ಇಲ್ಲ, ಹೊಲಿಗೆ ಇಲ್ಲ ಅಂತ ಇಬ್ಬರೂ ಕೇಳಿಕೊಂಡು ಬಂದಿದ್ದರು. "ಮೂರಕ್ಕೂ ಲೈಟೇ ಇಟ್ಟುಬಿಡಿ ಡಾಕ್ಟ್ರೇ, ಈ ವಯಸ್ಸಲ್ಲಿ ಮುಖಕ್ಕೆ ಕತ್ತರಿ ಬೇಡ" ಅಂದರು ತಾಯಿ.

ಆಸೆ ನ್ಯಾಯವಾದದ್ದೇ. ಆದರೆ ಮೂಗಿನ ಪಕ್ಕದ ಗಂಟಿಗೆ ಆಗುವುದಿಲ್ಲ ಅಂತ ಅಲ್ಲೇ ಹೇಳಬೇಕಾಯಿತು. ಯಾಕೆ ಅನ್ನುವುದಕ್ಕೆ ಈ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಫೋಟೋಡೈನಮಿಕ್ ಥೆರಪಿ, ಚಿಕ್ಕದಾಗಿ ಪಿಡಿಟಿ. ಇದರಲ್ಲಿ ಬೆಳಕು ಒಂದೇ ಏನೂ ಮಾಡುವುದಿಲ್ಲ. ಔಷಧಿ, ಬೆಳಕು, ಆಮ್ಲಜನಕ ಮೂರೂ ಒಂದೇ ಜಾಗದಲ್ಲಿ ಸೇರಬೇಕು. ನಮ್ಮ ದೇಹದ ಜೀವಕೋಶಗಳು ಹೀಮ್ ಅನ್ನುವ ವಸ್ತುವನ್ನು ತಾವೇ ತಯಾರಿಸಿಕೊಳ್ಳುತ್ತವೆ. ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ವಸ್ತು ಅದು. ಹಲವು ಹಂತದಲ್ಲಿ ನಡೆಯುವ ಈ ತಯಾರಿಯ ಶುರುವಿನಲ್ಲಿ ಬರುವುದು ಅಮೈನೋಲೆವುಲಿನಿಕ್ ಆಮ್ಲ. ಕೊನೆಗಿಂತ ಒಂದು ಹೆಜ್ಜೆ ಮುಂಚೆ ಬರುವುದು ಪ್ರೋಟೋಪೋರ್ಫಿರಿನ್. ಅದಕ್ಕೆ ಕಬ್ಬಿಣ ಸೇರಿದರೆ ಹೀಮ್ ಸಿದ್ಧ. ಈ ಆಮ್ಲವನ್ನೋ ಅದರ ಮೀಥೈಲ್ ರೂಪವನ್ನೋ ಕ್ರೀಮಿನಲ್ಲಿ ಬೆರೆಸಿ ಹೊರಗಿನಿಂದ ಹಚ್ಚಿದರೆ, ಜೀವಕೋಶಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಕಚ್ಚಾ ಮಾಲು ಸಿಗುತ್ತದೆ. ಕೆಟ್ಟ ಜೀವಕೋಶಗಳಲ್ಲಿ ಕಬ್ಬಿಣ ಸೇರಿಸುವ ಕೊನೆಯ ಕೆಲಸ ನಿಧಾನ. ಅವುಗಳ ಮೇಲಿನ ಹೊದಿಕೆಯೂ ಸರಿ ಇರುವುದಿಲ್ಲ, ಕ್ರೀಮ್ ಸುಲಭವಾಗಿ ಒಳಗೆ ಹೋಗುತ್ತದೆ. ಹಾಗಾಗಿ ಅಲ್ಲಿ ಪ್ರೋಟೋಪೋರ್ಫಿರಿನ್ ಗುಡ್ಡೆ ಬೀಳುತ್ತದೆ. ಪಕ್ಕದ ಆರೋಗ್ಯವಾದ ಚರ್ಮದಲ್ಲಿ ಅಷ್ಟು ಬೀಳುವುದಿಲ್ಲ.

ಗುಡ್ಡೆ ಬಿದ್ದ ಈ ವಸ್ತು ಬೆಳಕನ್ನು ಹೀರಿಕೊಂಡು, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಆಮ್ಲಜನಕ ಆಗ ಸಿಂಗ್ಲೆಟ್ ಆಕ್ಸಿಜನ್ ಅನ್ನುವ ಉಗ್ರ ರೂಪ ತಾಳುತ್ತದೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತು ಬದುಕುತ್ತದೆ. ಹುಟ್ಟಿದ ಜಾಗದಿಂದ ಒಂದು ಜೀವಕೋಶದ ಅಗಲದಷ್ಟು ದೂರವೂ ಹೋಗುವುದಿಲ್ಲ. ಹುಟ್ಟಿದ ಕಡೆಯೇ ಸುಟ್ಟು ಮುಗಿಯುತ್ತದೆ. ಪಿಡಿಟಿಯ ನಿಜವಾದ ಚೆಲುವು ಇರುವುದು ಇಲ್ಲೇ. ಔಷಧಿ ಎಲ್ಲಿ ಸೇರಿದೆಯೋ, ಬೆಳಕು ಎಲ್ಲಿ ಮುಟ್ಟಿದೆಯೋ, ಅಲ್ಲಿ ಮಾತ್ರ ಪೆಟ್ಟು.

ಅದರ ಮಿತಿಯೂ ಇಲ್ಲೇ ಇದೆ. ಪ್ರೋಟೋಪೋರ್ಫಿರಿನ್ ಅತಿ ಹೆಚ್ಚು ಹೀರುವುದು ಸುಮಾರು 410 ನ್ಯಾನೋಮೀಟರಿನ ನೀಲಿ ಬೆಳಕನ್ನು. ಆದರೆ ನೀಲಿ ಬೆಳಕು ಚರ್ಮದಲ್ಲಿ ಆಳಕ್ಕೆ ಇಳಿಯುವುದಿಲ್ಲ. ಅದಕ್ಕೇ ಕ್ಯಾನ್ಸರಿಗೆ 630 ನ್ಯಾನೋಮೀಟರಿನ ಆಸುಪಾಸಿನ ಕೆಂಪು ಬೆಳಕು ಬಳಸುತ್ತೇವೆ. ಹೀರಿಕೆ ಕಡಿಮೆ, ಆಳ ಜಾಸ್ತಿ. ಜಾಸ್ತಿ ಅಂದರೂ ನಂಬಬಹುದಾದ್ದು ಸುಮಾರು ಎರಡು ಮಿ.ಮೀ. ಅಷ್ಟೇ. ಕ್ರೀಮೂ ಅದಕ್ಕಿಂತ ಕೆಳಗೆ ಸರಿಯಾಗಿ ಇಳಿಯುವುದಿಲ್ಲ. ಮೂಗಿನ ಪಕ್ಕದ ಗಂಟಿನ ಬೇರು ಎಲ್ಲಿಯವರೆಗೆ ಹೋಗಿದೆಯೋ ಹೊರಗಿನಿಂದ ಹೇಳಲು ಬರುವುದಿಲ್ಲ. ಬೆಳಕಿಟ್ಟರೆ ಮೇಲಿನದು ಸತ್ತು ಚರ್ಮ ಮಾಯುತ್ತದೆ, ಕೆಳಗಿನದು ಉಳಿಯುತ್ತದೆ. ಮೇಲೆ ನಯವಾದ ಚರ್ಮ, ಅಡಿಯಲ್ಲಿ ಕಣ್ಣಿಗೆ ಬೀಳದೆ ಬೆಳೆಯುವ ಕ್ಯಾನ್ಸರ್. ಮುಚ್ಚಿಹೋಗುವುದಕ್ಕಿಂತ ಕಾಣುತ್ತಾ ಇದ್ದರೇ ವಾಸಿ, ಅಲ್ವಾ?

ಮಗಳು ಕೇಳಿದರು, "ಹಾಗಾದ್ರೆ ಮುಖದ ಮೇಲಿನ ಕ್ಯಾನ್ಸರಿಗೆ ಪಿಡಿಟಿ ಮಾಡೋದೇ ಇಲ್ವಾ?" ಮಾಡುತ್ತೇವೆ, ತೆಳುವಾಗಿದ್ದರೆ. ಆಳಕ್ಕೆ ನುಸುಳುವ ಬಗೆಗೆ ಮುಖದಲ್ಲೂ ಇಲ್ಲ, ಬೇರೆಲ್ಲೂ ಇಲ್ಲ. ಅದಕ್ಕೆ ಸರಿಯಾದದ್ದು ಮೋಸ್ ಶಸ್ತ್ರಚಿಕಿತ್ಸೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ಶುರು ಮಾಡಿದ ವಿಧಾನ. ತೆಳ್ಳಗೆ ಒಂದು ಪದರ ತೆಗೆದು, ಅದರ ಅಂಚು ಮತ್ತು ತಳವನ್ನು ಪೂರ್ತಿಯಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಉಳಿದ ಕಡೆ ಮಾತ್ರ ಮತ್ತೆ ತೆಗೆಯುತ್ತಾರೆ. ಮೂಗಿನ ಬಳಿ ಒಂದೊಂದು ಮಿ.ಮೀ. ಚರ್ಮವೂ ಮುಖ್ಯ. ಒಪ್ಪಿಸಲು ಸ್ವಲ್ಪ ಹೊತ್ತು ಬೇಕಾಯಿತು. ಒಪ್ಪಿದರು. ಎರಡನೇ ಪದರಕ್ಕೆ ಅಂಚು ಶುದ್ಧವಾಯಿತು. ಕೆನ್ನೆಯ ಚರ್ಮವನ್ನೇ ಸರಿಸಿ ಹೊಲಿದರು. ಗೆರೆ ಮೂಗಿನ ಮಡಿಕೆಯೊಳಗೇ ಕೂತಿದೆ. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಿಲ್ಲ. ಈ ಗಂಟಿನ ಮಾತು ಇಲ್ಲಿಗೆ ಮುಗಿಯಿತು.

ಈ ಪ್ರಕರಣ ಬರೆಯಲು ಕೂತದ್ದೇ ಈ ಒಂದು ಮಾತಿಗಾಗಿ. ಪಿಡಿಟಿ ಗೆಲ್ಲುತ್ತದೋ ಸೋಲುತ್ತದೋ ಅನ್ನುವುದು ಬಹುಪಾಲು ದೀಪ ಹಾಕುವ ಮುಂಚೆಯೇ ತೀರ್ಮಾನ ಆಗಿರುತ್ತದೆ. ಯಾವ ಕಲೆ, ಯಾವ ಬಗೆ, ಎಷ್ಟು ದಪ್ಪ. ಬಯಾಪ್ಸಿ ಇಲ್ಲದೆ, ಕಣ್ಣಳತೆಯಲ್ಲಿ ಸುಮ್ನೆ ಬೆಳಕಿಟ್ಟರೆ ಒಳ್ಳೆಯ ಚಿಕಿತ್ಸೆಯೊಂದು ಅಪಾಯ ತರುತ್ತದೆ. ಕಪ್ಪು ಬಣ್ಣ ಇರುವ ಕಲೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗಾಢ ಬಣ್ಣದ ಚರ್ಮದವರಲ್ಲಿ ಬೇಸಲ್ ಸೆಲ್ ಕ್ಯಾನ್ಸರ್ ಎಷ್ಟೋ ಸಲ ಕಪ್ಪಾಗಿಯೇ ಕಾಣುತ್ತದೆ. ಆ ಬಣ್ಣ ಬೆಳಕನ್ನು ತಾನೇ ನುಂಗಿಬಿಡುತ್ತದೆ, ಔಷಧಿಯವರೆಗೆ ತಲುಪಲು ಬಿಡುವುದಿಲ್ಲ. ಕಪ್ಪು ಕಲೆ ಮೆಲನೋಮಾ, ಅಂದರೆ ಚರ್ಮದ ಬಣ್ಣದ ಜೀವಕೋಶಗಳಿಂದ ಹುಟ್ಟುವ ಅಪಾಯಕಾರಿ ಕ್ಯಾನ್ಸರ್, ಆಗಿದ್ದರಂತೂ ಪಿಡಿಟಿಯ ಮಾತೇ ಇಲ್ಲ.

ಬೆನ್ನಿನ ಕಲೆಗೆ ಯಾವುದು?

ಕಾಲಿನ ಕಲೆಯ ತೀರ್ಮಾನ ಸುಲಭವಾಗಿತ್ತು. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಚರ್ಮ ಬಿಗಿಯಾಗಿರುತ್ತದೆ. ಅಷ್ಟು ಅಗಲ ಕತ್ತರಿಸಿದರೆ ಅಂಚು ಕೂಡಿಸಿ ಹೊಲಿಯಲು ಆಗುವುದಿಲ್ಲ, ಬೇರೆ ಕಡೆಯಿಂದ ಚರ್ಮ ತಂದು ಹಾಕಬೇಕು. ಊದುವ ಕಾಲಿನಲ್ಲಿ ಅದು ಹಿಡಿಯುವುದು ಕಷ್ಟ. ತೀರಾ ತಣ್ಣಗಿನ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ಸುಡಬಹುದು. ಆದರೆ ಕಾಲಿನಲ್ಲಿ ಆ ಗಾಯ ತಿಂಗಳುಗಟ್ಟಲೆ ಮಾಯದೆ ಕೂರುವುದನ್ನು ಎಷ್ಟೋ ಸಲ ನೋಡಿದ್ದೇವೆ. ಯುರೋಪಿನ 11 ದೇಶಗಳಲ್ಲಿ ಬೋವೆನ್ಸ್ ಕಾಯಿಲೆ ಇದ್ದವರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಹೋಲಿಕೆಯ ಪರೀಕ್ಷೆಯೂ ಪಿಡಿಟಿಯ ಕಡೆಗೇ ಇತ್ತು. ಒಂದು ವರ್ಷದ ನಂತರ ಪಿಡಿಟಿ ಮಾಡಿದ ಕಲೆಗಳಲ್ಲಿ ಶೇ. 80 ಪೂರ್ತಿ ಹೋಗಿದ್ದವು. ದ್ರವ ಸಾರಜನಕಕ್ಕೆ ಶೇ. 67, ಕ್ಯಾನ್ಸರ್ ಜೀವಕೋಶ ಕೊಲ್ಲುವ ಫ್ಲೋರೋಯುರಾಸಿಲ್ ಕ್ರೀಮಿಗೆ ಶೇ. 69. ಮಾಯ್ದ ಮೇಲೆ ಉಳಿಯುವ ಗುರುತೂ ಪಿಡಿಟಿಯಲ್ಲೇ ಕಡಿಮೆ.

ಬೆನ್ನಿನದರಲ್ಲಿ ಅಂಕಿ ಅಂಶ ಪಿಡಿಟಿಗೆ ಅಷ್ಟು ಅನುಕೂಲವಾಗಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಮೇಲ್ಪದರದ ಬೇಸಲ್ ಸೆಲ್ ಕ್ಯಾನ್ಸರ್ ಇದ್ದ 601 ಜನರನ್ನು ಮೂರು ಗುಂಪು ಮಾಡಿ ದೊಡ್ಡ ಪರೀಕ್ಷೆ ನಡೆಸಿದರು. ಐದು ವರ್ಷದ ನಂತರ ಕ್ಯಾನ್ಸರ್ ಇಲ್ಲದೆ ಉಳಿದವರು ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಮಿಕ್ವಿಮೋಡ್ ಕ್ರೀಮ್ ಹಚ್ಚಿದವರಲ್ಲಿ ಶೇ. 80.5, ಫ್ಲೋರೋಯುರಾಸಿಲ್ ಹಚ್ಚಿದವರಲ್ಲಿ ಶೇ. 70, ಪಿಡಿಟಿ ಮಾಡಿಸಿಕೊಂಡವರಲ್ಲಿ ಶೇ. 62.7. ಕತ್ತರಿಸಿ ತೆಗೆದರೆ ಈ ಮೂರಕ್ಕಿಂತಲೂ ಹೆಚ್ಚು ಭರವಸೆ.

ಈ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ತಾಯಿ ಮಗಳು ಇಬ್ಬರ ಮುಂದೆ ಇಟ್ಟೆ. ಮಗಳು ತಕ್ಷಣ ಹೇಳಿದರು, "ಹಂಗಾದ್ರೆ ಇಮಿಕ್ವಿಮೋಡ್ ಕೊಡಿ, ನಂಬರ್ ಅದಕ್ಕೇ ಜಾಸ್ತಿ ಇದೆಯಲ್ಲ." ತಾಯಿ ಒಂದು ಕೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡು ಹೋದರು. ಮೇಲಿನಿಂದ ಪ್ರಯತ್ನಿಸಿದರು, ಕೆಳಗಿನಿಂದಲೂ ಪ್ರಯತ್ನಿಸಿದರು. ಬೆರಳು ಕಲೆಯವರೆಗೆ ಹೋಗಲಿಲ್ಲ. ಆ ಕ್ರೀಮನ್ನು ವಾರಕ್ಕೆ ಐದು ರಾತ್ರಿಯಂತೆ ಆರು ವಾರ ಹಚ್ಚಬೇಕು. ಮಧ್ಯದಲ್ಲಿ ಜಾಗ ಕೆಂಪಾಗಿ, ಹುಣ್ಣಾಗಿ, ಕೆಲವರಿಗೆ ಜ್ವರ ಬಂದ ಹಾಗೆ ಮೈಕೈ ನೋವೂ ಬರುತ್ತದೆ. ಒಬ್ಬರೇ ಇರುವವರು ಇದನ್ನು ಬೆನ್ನಿಗೆ ಹಚ್ಚಿಕೊಳ್ಳುವುದು ಹೇಗೆ? ಪರೀಕ್ಷೆಯಲ್ಲಿ ಗೆದ್ದ ಔಷಧಿ ಕೈ ತಲುಪದ ಜಾಗದಲ್ಲಿ ಗೆಲ್ಲುವುದಿಲ್ಲ.

ಶಸ್ತ್ರಚಿಕಿತ್ಸೆ? ಅದನ್ನೂ ಹೇಳಿದೆ, ಒತ್ತಿಯೇ ಹೇಳಿದೆ. ಬೆನ್ನಿನ ಆ ಜಾಗದಲ್ಲಿ ಹೊಲಿಗೆಯ ಗುರುತು ಅಗಲವಾಗುತ್ತದೆ, ಕೆಲವರಿಗೆ ಉಬ್ಬಿಕೊಳ್ಳುತ್ತದೆ, ಆದರೆ ಕ್ಯಾನ್ಸರ್ ಹೋಗುವ ಸಂಭವ ಅದರಲ್ಲೇ ಜಾಸ್ತಿ ಅಂತ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಮೂಗಿಗೆ ಹೇಗೂ ಕತ್ತರಿ ಬೀಳುತ್ತದೆ, ಕಾಲಿಗೆ ಹೇಗೂ ಬೆಳಕು ಇಡುತ್ತೀರಿ, ಅದೇ ದಿನ ಬೆನ್ನಿಗೂ ಇಡಿ, ಮತ್ತೆ ಬಂದರೆ ಆಗ ಕತ್ತರಿಸೋಣ ಅಂದರು. ಈ ಬಗೆಯ ಬೇಸಲ್ ಸೆಲ್ ಕ್ಯಾನ್ಸರ್ ನಿಧಾನವಾಗಿ ಬೆಳೆಯುತ್ತದೆ. ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ. ಮತ್ತೆ ಬಂದರೂ ಹಿಡಿಯಲು ಸಮಯ ಸಿಗುತ್ತದೆ, ಸರಿಯಾಗಿ ತೋರಿಸಿಕೊಳ್ಳುತ್ತಾ ಇದ್ದರೆ. ಮೂರಲ್ಲಿ ಒಂದಕ್ಕಿಂತ ಹೆಚ್ಚು ಸಂಭವ ಇದೆ ಮರಳಿ ಬರುವುದಕ್ಕೆ ಅಂತ ಗೊತ್ತಿದ್ದೇ ಅವರು ಇದನ್ನು ಆರಿಸಿದರು. ಒಪ್ಪಿಗೆ ಪತ್ರದಲ್ಲಿ ಆ ಸಂಖ್ಯೆಯನ್ನೂ ಬರೆದೆವು.

ಅವರಿಗೆ ಇನ್ನೊಂದು ಭಯವಿತ್ತು. ಪರಿಚಯದ ಒಬ್ಬರಿಗೆ ಅನ್ನನಾಳದ ಕ್ಯಾನ್ಸರಿಗೆ ಬೆಳಕಿನ ಚಿಕಿತ್ಸೆ ಆಗಿ, ಆಮೇಲೆ ವಾರಗಟ್ಟಲೆ ಪರದೆ ಹಾಕಿಕೊಂಡು ಮನೆಯೊಳಗೇ ಇದ್ದರಂತೆ. ಅದು ಔಷಧಿಯನ್ನು ರಕ್ತಕ್ಕೆ ಚುಚ್ಚಿ ಮಾಡುವ ಹಳೆಯ ಬಗೆ. ಇಡೀ ಮೈಯ ಚರ್ಮದಲ್ಲಿ ಔಷಧಿ ಉಳಿಯುತ್ತದೆ. ಇದು ಎಷ್ಟು ಜೋರಾಗಿರುತ್ತದೆ ಅನ್ನುವುದನ್ನು ಜರ್ಮನಿಯ ವೈದ್ಯ ಫ್ರೀಡ್ರಿಕ್ ಮೇಯರ್-ಬೆಟ್ಜ್ 1912ರಲ್ಲೇ ತನ್ನ ಮೇಲೆ ತೋರಿಸಿಕೊಂಡರು. ಹೆಮಟೋಪೋರ್ಫಿರಿನ್ ಅನ್ನುವ, ಬೆಳಕು ಹೀರುವ ವಸ್ತುವನ್ನು ಚುಚ್ಚಿಕೊಂಡು ಬಿಸಿಲಿಗೆ ಹೋದರು, ಮುಖ ಗುರುತು ಸಿಗದಷ್ಟು ಊದಿತು. ಬಣ್ಣದ ವಸ್ತು ಮತ್ತು ಬೆಳಕು ಸೇರಿದರೆ ಸೂಕ್ಷ್ಮಜೀವಿ ಸಾಯುತ್ತದೆ ಅನ್ನುವುದನ್ನು ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಅನ್ನುವ ವಿದ್ಯಾರ್ಥಿ 1900ರ ಹೊತ್ತಿಗೇ ಕಂಡುಕೊಂಡಿದ್ದ. ಆತನ ಗುರು ಹರ್ಮನ್ ಫಾನ್ ಟಾಪೈನರ್ 1903ರಲ್ಲಿ ಇಯೋಸಿನ್ ಬಣ್ಣ ಹಚ್ಚಿ ಚರ್ಮದ ಗಡ್ಡೆಗಳ ಮೇಲೆ ಬೆಳಕು ಬಿಟ್ಟು ನೋಡಿದ್ದರು. ಆದರೆ ಚುಚ್ಚದೆ, ಕಲೆಯ ಮೇಲೆ ಮಾತ್ರ ಹಚ್ಚಿ, ಔಷಧಿಯನ್ನು ಜೀವಕೋಶವೇ ತಯಾರಿಸುವ ಹಾಗೆ ಮಾಡುವ ದಾರಿ ಸಿಕ್ಕಿದ್ದು 1990ರಲ್ಲಿ, ಕೆನಡಾದ ಕೆನಡಿ ಮತ್ತು ಪೋಟಿಯೇ ಅವರ ಕೆಲಸದಿಂದ. ನಿಮಗೆ ಮಾಡುವುದು ಇದು, ಎರಡು ದಿನ ಆ ಎರಡು ಜಾಗ ಮುಚ್ಚಿಟ್ಟುಕೊಂಡರೆ ಸಾಕು ಅಂದೆ. ಮುಖ ಅರಳಿತು.

ಚಿಕಿತ್ಸೆಯ ದಿನ

ಮೂಗಿನ ಗಾಯ ಪೂರ್ತಿ ಮಾಗಿದ ಮೇಲೆ ದಿನ ಇಟ್ಟುಕೊಂಡೆವು. ಹೀಮ್ ತಯಾರಿ ಕೆಟ್ಟು ಪೋರ್ಫಿರಿನ್ ಮೈಯಲ್ಲೇ ಸೇರಿಕೊಳ್ಳುವ ಪೋರ್ಫಿರಿಯಾ ಕಾಯಿಲೆ ಇಲ್ಲ ಅನ್ನುವುದನ್ನು ಮತ್ತೆ ಕೇಳಿ ಖಚಿತ ಮಾಡಿಕೊಂಡೆವು. ನಾವು ಬಳಸುವ ಕ್ರೀಮಿನಲ್ಲಿ ಕಡಲೆಕಾಯಿ ಎಣ್ಣೆ ಇರುತ್ತದೆ, ಹಾಗಾಗಿ ಅದರ ಅಲರ್ಜಿಯನ್ನೂ ಕೇಳಿದೆವು.

ಮೊದಲ ಕೆಲಸ ಹೊಟ್ಟು ಕೆರೆಯುವುದು. ನೋಡುವವರಿಗೆ ಇದು ಸಣ್ಣ ಕೆಲಸ ಅನ್ನಿಸಬಹುದು. ನನ್ನ ಪ್ರಕಾರ ಆ ದಿನದ ಅತಿ ಮುಖ್ಯ ಕೆಲಸ ಇದೇ. ಕಾಲಿನ ಕಲೆಯ ಮೇಲೆ ಒಣಗಿದ ಹೊಟ್ಟು ದಪ್ಪವಾಗಿ ಕೂತಿತ್ತು. ಅದರ ಮೇಲೆ ಕ್ರೀಮ್ ಹಚ್ಚಿದರೆ ಹೊಟ್ಟಿಗೇ ಔಷಧಿ ಕೊಟ್ಟ ಹಾಗೆ. ಉಂಗುರದಂಥ ಅಂಚಿನ ಕ್ಯುರೆಟ್‌ನಿಂದ ಮೆಲ್ಲಗೆ ಕೆರೆದೆವು. ಅಡಿಯಿಂದ ಒದ್ದೆಯಾದ, ನಸುಗೆಂಪು ಮೈ ಕಂಡಿತು. ರಕ್ತ ತೆಳುವಾಗಿಸುವ ಮಾತ್ರೆಯಿಂದಾಗಿ ಅಲ್ಲಲ್ಲಿ ಚುಕ್ಕೆ ಚುಕ್ಕೆ ರಕ್ತ ಜಿನುಗಿತು. ಒತ್ತಿ ಹಿಡಿದು ಪೂರ್ತಿ ನಿಲ್ಲಿಸಿದೆವು, ಯಾಕಂದರೆ ರಕ್ತದ ಪೊರೆಯೂ ಬೆಳಕನ್ನು ತಡೆಯುತ್ತದೆ. ಆಮೇಲೆ ಕ್ರೀಮ್, ಸುಮಾರು ಒಂದು ಮಿ.ಮೀ. ದಪ್ಪ, ಕಲೆಯ ಅಂಚಿನಿಂದ ಐದು ಮಿ.ಮೀ. ಆಚೆಯವರೆಗೆ. ಮೇಲೆ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಬೆಳಕು ತೂರದ ಕಟ್ಟು. ಬೆನ್ನಿಗೂ ಹಾಗೇ. ಮೂರು ಗಂಟೆ ಕಾಯಬೇಕು.

ಮೂರು ಗಂಟೆ ಕಳೆದು ಕಟ್ಟು ಬಿಚ್ಚಿ, ಕ್ರೀಮ್ ಒರೆಸಿ, ಕೋಣೆಯ ದೀಪ ಆರಿಸಿ ವುಡ್ಸ್ ಲ್ಯಾಂಪ್ ಹಿಡಿದೆವು. ನೇರಳೆ ಬೆಳಕಿನಲ್ಲಿ ಕಾಲಿನ ಕಲೆ ಹವಳದ ಬಣ್ಣಕ್ಕೆ ಹೊಳೆಯಿತು. ಪ್ರೋಟೋಪೋರ್ಫಿರಿನ್ ಅಲ್ಲಿ ಸೇರಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಹೊಳಪು ನಾವು ಪೆನ್ನಿನಲ್ಲಿ ಗುರುತು ಮಾಡಿದ್ದ ಅಂಚಿಗಿಂತ ಒಂದು ಕಡೆ ಸ್ವಲ್ಪ ಆಚೆ ಚಾಚಿತ್ತು. ಬರಿಗಣ್ಣಿಗೆ ಆ ಚರ್ಮ ಸರಿಯಾಗೇ ಇತ್ತು. ಕ್ರೀಮ್ ಐದು ಮಿ.ಮೀ. ಆಚೆಯವರೆಗೂ ಹಚ್ಚುವುದು ಇದಕ್ಕೇ. ಬೆನ್ನಿನ ಕಲೆಯೂ ಹೊಳೆಯಿತು, ಆದರೆ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಕೆಳಗಿನ ಅಂಚಿನಲ್ಲಿ ಮಂಕಾಗಿತ್ತು. ಅದನ್ನು ಕೇಸ್ ಹಾಳೆಯಲ್ಲಿ ಬರೆದು, ಫೋಟೋ ತೆಗೆದಿಟ್ಟೆವು.

ಎಲ್ಲರಿಗೂ ಕಣ್ಣಿಗೆ ಕನ್ನಡಕ. ಎಲ್‌ಇಡಿ ದೀಪವನ್ನು ಚರ್ಮದಿಂದ ಐದರಿಂದ ಎಂಟು ಸೆಂ.ಮೀ. ದೂರದಲ್ಲಿ ನಿಲ್ಲಿಸಿದೆವು. ಕೊಡಬೇಕಾದ ಪ್ರಮಾಣ ಪ್ರತಿ ಚದರ ಸೆಂ.ಮೀ.ಗೆ 37 ಜೂಲ್. ಹತ್ತು ನಿಮಿಷದೊಳಗೆ ಮುಗಿಯುತ್ತದೆ.

ನೋವಿನ ಬಗ್ಗೆ ಮುಚ್ಚಿಡದೆ ಹೇಳಬೇಕು. ಕತ್ತರಿ ಇಲ್ಲ ಅಂದಮಾತ್ರಕ್ಕೆ ನೋವಿಲ್ಲ ಅಂತ ಅಲ್ಲ. ಬೆನ್ನಿನಲ್ಲಿ ಅವರಿಗೆ ಸುಮ್ನೆ ಬೆಚ್ಚಗಾಯಿತು, ಸ್ವಲ್ಪ ಚುಚ್ಚಿತು ಅಷ್ಟೇ. ಕಾಲಿನಲ್ಲಿ ಮೊದಲ ನಿಮಿಷ ಮುಗಿಯುವುದರೊಳಗೆ ಉರಿ ಶುರುವಾಯಿತು. ಹತ್ತಕ್ಕೆ ಎಷ್ಟು ಅಂತ ಕೇಳಿದರೆ ಆರು ಅಂದರು, ಇನ್ನೊಂದು ನಿಮಿಷಕ್ಕೆ ಎಂಟು. ಕೆಂಪಿರುವೆಗಳು ಒಟ್ಟಿಗೆ ಕಚ್ಚಿದ ಹಾಗೆ ಅಂದರು. ತಣ್ಣನೆ ಗಾಳಿ ಬಿಡುವ ಯಂತ್ರವನ್ನು ಹತ್ತಿರ ತಂದೆವು, ನೀರು ಚಿಮುಕಿಸಿದೆವು. ಸಾಲಲಿಲ್ಲ. ದೀಪವನ್ನು ಮೂರು ನಿಮಿಷ ನಿಲ್ಲಿಸಿ ಮತ್ತೆ ಹಾಕಿದೆವು. ನಿಲ್ಲಿಸಿದ್ದರಿಂದ ನಷ್ಟವಿಲ್ಲ. ಬೆಳಕು ಬೀಳುತ್ತಿರುವಾಗ ಅಲ್ಲಿನ ಆಮ್ಲಜನಕ ಖರ್ಚಾಗುತ್ತಾ ಹೋಗುತ್ತದೆ, ಬಿಡುವು ಕೊಟ್ಟರೆ ರಕ್ತ ಮತ್ತೆ ತುಂಬುತ್ತದೆ. ಕೊನೆಯ ನಿಮಿಷಗಳಲ್ಲಿ ಉರಿ ತಾನಾಗಿ ಇಳಿಯಿತು, ಹಾಗಾಗುವುದೇ ಜಾಸ್ತಿ. ನರ್ಸ್ ಪೂರ್ತಿ ಹೊತ್ತು ಅವರ ಕೈ ಹಿಡಿದುಕೊಂಡು, ಓಟದ ದಿನಗಳ ಬಗ್ಗೆ ಕೇಳುತ್ತಾ ಇದ್ದರು. ಇದನ್ನು ಕೇಸ್ ಹಾಳೆಯಲ್ಲಿ ಯಾರೂ ಬರೆಯುವುದಿಲ್ಲ, ಆದರೆ ಚಿಕಿತ್ಸೆ ಪೂರ್ತಿಯಾಗಲು ಅದೂ ಕಾರಣ.

ಮುಗಿದ ಮೇಲೆ ಮತ್ತೆ ವುಡ್ಸ್ ಲ್ಯಾಂಪ್. ಹವಳದ ಬಣ್ಣ ಹೋಗಿತ್ತು. ಔಷಧಿ ಬೆಳಕಿನಲ್ಲಿ ಖರ್ಚಾಗಿದೆ ಅಂತ ಅರ್ಥ.

ಒಂದು ವಾರದ ನಂತರ ಎರಡನೇ ಸಲ. ಬೇಸಲ್ ಸೆಲ್ ಮತ್ತು ಬೋವೆನ್ಸ್ ಎರಡಕ್ಕೂ ಎರಡು ಸಲ ಮಾಡುವುದು ರೂಢಿ. ಒಂದೇ ಸಲಕ್ಕೆ ನಿಲ್ಲಿಸುವಂತಿಲ್ಲ. ಎರಡನೇ ಸಲ ನೋವು ಇನ್ನೂ ಜಾಸ್ತಿ ಅನ್ನುವವರೇ ಹೆಚ್ಚು. ಇವರಿಗೆ ಮೊದಲೇ ಹೇಳಿ, ನೋವಿನ ಮಾತ್ರೆ ಕೊಟ್ಟು, ತಣ್ಣನೆ ಗಾಳಿಯನ್ನು ಶುರುವಿನಿಂದಲೇ ಹಾಕಿದೆವು. ಒಮ್ಮೆ ನಿಲ್ಲಿಸಬೇಕಾಯಿತು, ಆದರೂ ಮುಗಿಸಿದರು.

ಇಲ್ಲೊಂದು ಮಾತು ಹೇಳಿಬಿಡಬೇಕು. ಮನೆಯಲ್ಲೇ ಇಟ್ಟುಕೊಳ್ಳುವ ಕೆಂಪು ಬೆಳಕಿನ ಮುಖವಾಡ, ಪಟ್ಟಿ, ದೀಪಗಳ ಜಾಹೀರಾತು ನೋಡಿ, "ಅದೂ ಕೆಂಪು ಬೆಳಕೇ ತಾನೆ" ಅಂತ ಕೇಳುವವರಿದ್ದಾರೆ. ಔಷಧಿ ಇಲ್ಲದ ಕೆಂಪು ಬೆಳಕು ಕ್ಯಾನ್ಸರಿಗೆ ಚಿಕಿತ್ಸೆ ಅಲ್ಲ. ಮನೆಯಲ್ಲಿ ಬೆಳಕಿಟ್ಟುಕೊಂಡು ಕಾದಷ್ಟು ದಿನ ಕ್ಯಾನ್ಸರಿಗೆ ಬೆಳೆಯಲು ಸಮಯ. ಪಿಡಿಟಿಯ ಬೆಳಕು ಎಕ್ಸ್-ರೇಯಂಥ ವಿಕಿರಣವೂ ಅಲ್ಲ, ಬಿಸಿಲಿನ ನೇರಳಾತೀತ ಕಿರಣವೂ ಅಲ್ಲ. ಹಾಗಾಗಿ ಬೇಕಾದರೆ ಅದೇ ಜಾಗಕ್ಕೆ ಮತ್ತೆ ಮಾಡಬಹುದು.

ಆಮೇಲೆ

ಬೆನ್ನಿನ ಗಾಯ ಎರಡು ವಾರದೊಳಗೆ ಹಕ್ಕಳೆ ಬಿದ್ದು ಮಾಯಿತು. ಕಾಲಿನದು ನಿಧಾನ. ಮೊದಲ ವಾರ ನೀರು ಒಸರಿತು, ಸುತ್ತ ಊದಿತು. ಕಾಲನ್ನು ಎತ್ತರದಲ್ಲಿಟ್ಟು ಕೂರಲು ಹೇಳಿದೆವು, ಅಂಟದ ಪಟ್ಟಿ ಕಟ್ಟಿದೆವು, ಒಸರುವುದು ನಿಂತ ಮೇಲೆ ಒತ್ತು ಕೊಡುವ ಕಾಲುಚೀಲ ಹಾಕಿಸಿದೆವು. ಪೂರ್ತಿ ಮಾಯಲು ಆರು ವಾರ ಹಿಡಿಯಿತು. ಮೂರು ತಿಂಗಳಿಗೆ ನೋಡಿದಾಗ ಎರಡೂ ಕಡೆ ಕಲೆ ಇರಲಿಲ್ಲ. ಕಾಲಿನಲ್ಲಿ ನಸುಗೆಂಪು ಗುರುತು, ಕೈಯಾಡಿಸಿದರೆ ನಯ. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪಿನಲ್ಲಿ ಮೊದಲು ಕಂಡಿದ್ದ ಸುರುಳಿ ರಕ್ತನಾಳಗಳು ಇಲ್ಲ.

ಮಗಳಿಗೆ ಬಹಳ ಖುಷಿಯಾಯಿತು. "ಇನ್ನು ಬರೋದು ಬೇಡ ಅಲ್ವಾ?" ಅಂದರು. ಬರಲೇಬೇಕು ಅಂದೆ. ಕತ್ತರಿಸಿ ತೆಗೆದರೆ ತುಂಡು ಕೈಯಲ್ಲಿರುತ್ತದೆ, ಅಂಚು ನೋಡಿ ಪೂರ್ತಿ ಬಂತೋ ಇಲ್ಲವೋ ಹೇಳಬಹುದು. ಬೆಳಕಿನ ಚಿಕಿತ್ಸೆಯಲ್ಲಿ ಅಂಥ ತುಂಡು ಇಲ್ಲ. ಚರ್ಮ ನೋಡಿಯೇ ತಿಳಿಯಬೇಕು, ನೋಡುತ್ತಲೇ ಇರಬೇಕು. ಪಿಡಿಟಿ ಮಾಡಿಸಿಕೊಂಡು ಆಮೇಲೆ ಬಾರದೆ ಇರುವುದಾದರೆ ಈ ಚಿಕಿತ್ಸೆಯನ್ನು ಆರಿಸಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ವರ್ಷದ ಭೇಟಿಯಲ್ಲಿ ಬೆನ್ನಿನ ಹಳೆಯ ಜಾಗದ ಕೆಳ ಅಂಚಿನಲ್ಲಿ ಗುಂಡುಸೂಜಿಯ ತಲೆಯಷ್ಟು ಹೊಳೆಯುವ ಚುಕ್ಕೆ ಕಂಡಿತು. ಡರ್ಮೋಸ್ಕೋಪಿನಲ್ಲಿ ಅದರ ಮೇಲೆ ಸಣ್ಣ ಕವಲಿನ ರಕ್ತನಾಳ. ಹಳೆಯ ಫೋಟೋ ತೆಗೆದು ನೋಡಿದೆವು. ಚಿಕಿತ್ಸೆಯ ದಿನ ಹೊಳಪು ಮಂಕಾಗಿದ್ದದ್ದು ಅದೇ ಅಂಚು. ಅಷ್ಟರಿಂದಲೇ ಕಾರಣ ಇದೇ ಅಂತ ಸಾಧಿಸಲು ಬರುವುದಿಲ್ಲ. ಆದರೆ ಔಷಧಿ ಅಲ್ಲಿ ಕಡಿಮೆ ಸೇರಿತ್ತು ಅನ್ನುವುದಕ್ಕೆ ಅದು ಹೊಂದುತ್ತದೆ. ಬಯಾಪ್ಸಿ ಬೇಸಲ್ ಸೆಲ್ ಅಂತಲೇ ಹೇಳಿತು. ಈ ಸಲ ಸ್ವಲ್ಪ ಗಂಟು ಕಟ್ಟಿತ್ತು, ನುಸುಳುವ ಬಗೆ ಅಲ್ಲ.

ಮತ್ತೆ ಪಿಡಿಟಿ ಮಾಡಬಹುದಿತ್ತು. ಬೇಡ ಅಂದೆ. ಒಮ್ಮೆ ಬೆಳಕಿಗೆ ಉಳಿದುಕೊಂಡದ್ದಕ್ಕೆ, ಅದರಲ್ಲೂ ಗಂಟು ಕಟ್ಟಿದ್ದಕ್ಕೆ, ಮತ್ತೆ ಬೆಳಕಿನ ಮೇಲೆ ನಂಬಿಕೆ ಇಡುವುದು ಸರಿಯಲ್ಲ. ಅವರಿಗೂ ಅದು ಆಘಾತ ಅನ್ನಿಸಲಿಲ್ಲ. "ನೀವು ಆವತ್ತೇ ಬರೆದು ಕೊಟ್ಟಿದ್ರಿ ಅಲ್ವಾ, ಕತ್ತರಿಸಿ" ಅಂದರು. ಸುತ್ತಲಿನ ನಾಲ್ಕು ಮಿ.ಮೀ. ಚರ್ಮವನ್ನೂ ಸೇರಿಸಿ ತೆಗೆದೆವು. ಹಳೆಯ ಪಿಡಿಟಿಯ ಗುರುತನ್ನೂ ಸೇರಿಸಿಕೊಂಡೆವು, ಅದರ ಅಡಿಯಲ್ಲಿ ಬೇರೇನಾದರೂ ಉಳಿದಿದೆಯೇ ಅಂತ ತಿಳಿಯಲಿ ಅಂತ. ಅಡಿಯಲ್ಲಿ ಏನೂ ಇರಲಿಲ್ಲ. ಕೆಳ ಅಂಚಿನ ಆ ಗಂಟು ಮಾತ್ರ. ಸುತ್ತಲೂ ಅಂಚು ಶುದ್ಧ.

ಈ ಬೆನ್ನಿನ ಕಲೆಯನ್ನು ಸೋಲು ಅಂತ ಬರೆಯಬೇಕೋ ಬೇಡವೋ ಅಂತ ವಿಭಾಗದಲ್ಲಿ ಚರ್ಚೆ ನಡೆಯಿತು. ಮೊದಲ ದಿನವೇ ಕತ್ತರಿಸಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು ಅನ್ನುವ ಮಾತು ಬಂತು. ಅದು ನಿಜ. ಆದರೆ ರೋಗಿ ಸಂಖ್ಯೆ ನೋಡಿ, ಅರ್ಥ ಮಾಡಿಕೊಂಡು, ಮರಳಿ ಬಂದರೆ ಏನು ಮಾಡುವುದು ಅನ್ನುವುದನ್ನೂ ಮೊದಲೇ ತೀರ್ಮಾನಿಸಿ ಆರಿಸಿದ್ದರು. ಮರಳಿ ಬಂದದ್ದು ಚಿಕ್ಕದಿರುವಾಗಲೇ ಸಿಕ್ಕಿತು. ಚಿಕಿತ್ಸೆ ಪೂರ್ತಿ ಫಲ ಕೊಡಲಿಲ್ಲ, ಯೋಜನೆ ಫಲ ಕೊಟ್ಟಿತು ಅಂತ ನಾನು ಬರೆದೆ. ಸಹೋದ್ಯೋಗಿಯೊಬ್ಬರು ಈಗಲೂ ಒಪ್ಪಿಲ್ಲ.

ಎರಡನೇ ವರ್ಷದ ಭೇಟಿಯಲ್ಲಿ ಕಾಲಿನ ಜಾಗ ಶುದ್ಧವಾಗಿದೆ, ಗುರುತು ಹುಡುಕಬೇಕು. ಮೂಗಿನ ಬಳಿ ಏನಿಲ್ಲ. ಬೆನ್ನಿನ ಹೊಲಿಗೆಯ ಗೆರೆ ಹೇಳಿದ ಹಾಗೆ ಸ್ವಲ್ಪ ಅಗಲವಾಗಿದೆ. ಹಣೆಯ ಮೇಲೆ ಮಾತ್ರ ಮರಳು ಕಾಗದದ ಹಾಗೆ ಒರಟಾದ ನಾಲ್ಕೈದು ಜಾಗ ಹೊಸದಾಗಿ ಸಿಕ್ಕಿವೆ. ಆಕ್ಟಿನಿಕ್ ಕೆರಟೋಸಿಸ್. ಕ್ಯಾನ್ಸರ್ ಅಲ್ಲ, ಬಿಸಿಲಿನ ಹಾನಿಯಿಂದ ಬರುವ, ಮುಂದೆ ಕ್ಯಾನ್ಸರ್ ಆಗಬಹುದಾದ ಒರಟು. ಇದಕ್ಕೆ ದೀಪದ ಬದಲು ಹಗಲ ಬೆಳಕನ್ನೇ ಬಳಸುವ ವಿಧಾನವಿದೆ. ಕ್ರೀಮ್ ಹಚ್ಚಿ ಅರ್ಧ ಗಂಟೆಯೊಳಗೆ ಹೊರಗೆ ಹೋಗಿ ಎರಡು ಗಂಟೆ ಇರಬೇಕು. ಔಷಧಿ ತಯಾರಾಗುತ್ತಿದ್ದ ಹಾಗೆಯೇ ಸ್ವಲ್ಪ ಸ್ವಲ್ಪ ಖರ್ಚಾಗುವುದರಿಂದ ಉರಿ ಬಹಳ ಕಡಿಮೆ. ಮೊದಲೇ ಸನ್‌ಸ್ಕ್ರೀನ್ ಹಚ್ಚಬೇಕು. ಆದರೆ ಜಿಂಕ್, ಟೈಟಾನಿಯಂ ಇರುವ ಬಿಳಿ ಬಗೆಯದು ಬೇಡ, ಅದು ಬೇಕಾದ ಬೆಳಕನ್ನೂ ತಡೆಯುತ್ತದೆ. ತೆಳುವಾದ ಈ ಒರಟಿಗೆ ಮಾತ್ರ ಇದು, ಬೇಸಲ್ ಸೆಲ್ಲಿಗೆ ಅಲ್ಲ.

ಕಾಲಿನ ಉರಿ ನೆನಪಿದ್ದ ಅವರು ಮೊದಲು ಕೇಳಿದ್ದೇ ನೋವಿನ ಬಗ್ಗೆ. ಹೇಳಿದ ಮೇಲೆ ಒಪ್ಪಿಕೊಂಡರು. ದಿನ ಗೊತ್ತು ಮಾಡಿದ್ದೇವೆ. ಅದಾದ ಮೂರು ತಿಂಗಳಿಗೆ ಹಣೆಯ ಜೊತೆಗೆ ಇಡೀ ಮೈಯನ್ನು ಮತ್ತೆ ನೋಡಬೇಕು.